ರೊಟ್ಟಿಯ ಮಗ್ಗುಲಲ್ಲಿ ಏನಿತ್ತು?

2021ರ ಡಿಸೆಂಬರ್ ತಿಂಗಳಲ್ಲಿ ಬೀದರ್ ಜಿಲ್ಲೆಯ ಸರ್ಕಾರಿ ಶಾಲೆಗಳ ಬಿಸಿಯೂಟದ ತಟ್ಟೆಗೆ ಮೊಟ್ಟೆ ಬಂತು. ಮೊಟ್ಟೆ ಒಲ್ಲೆ ಎಂದವರಿಗೆ ಬಾಳೆಹಣ್ಣು. ಬೀದರ್ ಒಂದಕ್ಕೇ ಅಲ್ಲ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರದ ಮಕ್ಕಳಿಗೂ. ರಾಜ್ಯದ ಅಷ್ಟೂ ಜಿಲ್ಲೆಗಳಲ್ಲಿ ಇವನ್ನೇ ಮೊದಲು ಆರಿಸಿದ್ದಕ್ಕೆ ಕಾರಣ ಒಂದೇ: ಇಲ್ಲಿನ ಮಕ್ಕಳ ತೂಕ ಸಾಲದು, ಮೈಯಲ್ಲಿ ರಕ್ತ ಸಾಲದು. ಮೊಟ್ಟೆ ಕೊಡಬೇಕೋ ಬೇಡವೋ ಎಂದು ಮಠಗಳಿಂದ ಹಿಡಿದು ವಿಧಾನಸೌಧದವರೆಗೆ ದೊಡ್ಡ ವಾಗ್ವಾದವೇ ನಡೆಯಿತು. ಅದು ನಡೆಯುತ್ತಿರುವಾಗಲೇ ಮಕ್ಕಳು ಸಿಪ್ಪೆ ಸುಲಿದು ತಿಂದರು.

ಅದೇ ಜಿಲ್ಲೆಯಲ್ಲಿ ಬೆಳಗಿನ ಆರು ಗಂಟೆಗೆ ಬೀದರ್ ಕೋಟೆಯ ಕಡೆ ಹೊರಟವರನ್ನು ನೋಡಬೇಕು. ತಲೆಗೆ ಮಂಕಿ ಕ್ಯಾಪು, ಕಾಲಿಗೆ ಬಿಳಿ ಬೂಟು, ಕೈಯಲ್ಲಿ ಮೊಬೈಲು. ಇವರ ಚಿಂತೆ ಮಕ್ಕಳ ಚಿಂತೆಗೆ ತಿರುವುಮುರುವು. "ಅನ್ನ ಬಿಟ್ಟು ಆರು ತಿಂಗಳಾತು, ಹೊಟ್ಟಿ ಮಾತ್ರ ಇಳೀವಲ್ದು" ಎನ್ನುವ ಮಾತು ಭಾಲ್ಕಿಯ ಚಹಾ ಅಂಗಡಿಯಲ್ಲೂ ಕೇಳಸಿಗುತ್ತದೆ, ಔರಾದಿನ ಬಸ್ ನಿಲ್ದಾಣದಲ್ಲೂ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ ವಯಸ್ಕರಲ್ಲಿ ಹೆಂಗಸರಿರಲಿ ಗಂಡಸರಿರಲಿ, ನೂರಕ್ಕೆ ಸುಮಾರು ಮೂವತ್ತು ಮಂದಿಗೆ ತೂಕ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ತೂಕ ಹೆಚ್ಚಿಸಬೇಕಾದವರೂ ಇಳಿಸಬೇಕಾದವರೂ ಎಷ್ಟೋ ಮನೆಗಳಲ್ಲಿ ಒಂದೇ ಒಲೆಯ ಊಟ ಉಣ್ಣುತ್ತಾರೆ.

ಹಾಗಾದರೆ ಆ ಒಲೆಯ ಮೇಲೆ ಏನಾಯಿತು? ಬಗದಲ್‌ನಂಥ ಹಳ್ಳಿಯಲ್ಲಿ ಈ ಪ್ರಶ್ನೆ ಕೇಳಿದರೆ ಹಿರಿಯರ ಬಾಯಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಮೊದಲಿನವರು ಜೋಳದ ರೊಟ್ಟಿ ತಿಂತಿದ್ರು, ಗಟ್ಟಿ ಇದ್ರು. ಈಗಿನವರು ಗೋಬಿ ತಿಂತಾರ, ಉಬ್ಬತಾರ." ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ಸ್ವಲ್ಪ ಕೆದಕಿ ನೋಡಬೇಕು.

ಮೊದಲು ಗೋಬಿಯ ಮಾತು. ಫಾಸ್ಟ್ ಫುಡ್ ಎಂದರೆ ವಿದೇಶಿ ಕಂಪನಿಯ ಕೋಳಿ, ಬರ್ಗರು ಎಂದು ಕರ್ನಾಟಕ ಒಂದು ಕಾಲಕ್ಕೆ ಭಾವಿಸಿತ್ತು. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ತನ್ನ ಮೊದಲ ಭಾರತೀಯ ಮಳಿಗೆ ತೆರೆಯಿತು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು ಅದಕ್ಕೆ ನುಗ್ಗಿ ಗಾಜು ಪುಡಿಮಾಡಿದರು. ಆ ಜಗಳ ದೇಶದಾಚೆಗೂ ಸುದ್ದಿಯಾಯಿತು. ಆದರೆ ಬೀದರ್ ಸೀಮೆಯ ನಾಲಿಗೆಯನ್ನು ಗೆದ್ದದ್ದು ಆ ಕೋಳಿಯಲ್ಲ. ಮುಂಬಯಿಯ ಗಿರಣಿ ಕೆಲಸಗಾರರ ಹಸಿವಿಗೆಂದು ಹುಟ್ಟಿದ ವಡಾಪಾವ್ ಉದಗೀರದ ಹಾದಿ ಹಿಡಿದು ಭಾಲ್ಕಿ, ಔರಾದಿಗೆ ಇಳಿಯಿತು. ಹೈದರಾಬಾದಿನ ಕಡೆಯಿಂದ ಬಿರಿಯಾನಿ ಬಂತು. ಚೀನಾದವರೇ ಕಂಡರಿಯದ 'ಚೈನೀಸ್' ಎಲ್ಲ ದಿಕ್ಕಿನಿಂದಲೂ ಬಂತು. ಈ ಊಟದ ಹಿಂದೆ ಯಾವ ಬಹುರಾಷ್ಟ್ರೀಯ ಕಂಪನಿಯೂ ಇರಲಿಲ್ಲ. ನಾಲ್ಕು ಗಾಲಿಯ ಬಂಡಿ, ಒಂದು ಗ್ಯಾಸ್ ಸಿಲಿಂಡರ್, ದೊಡ್ಡ ಬಾಣಲೆ, ಅದರ ಹಿಂದೆ ಹೊಟ್ಟೆಪಾಡಿಗೆ ನಿಂತ ನಮ್ಮೂರ ಹುಡುಗ. ಯಾರ ಗಾಜು ಒಡೆಯುವುದು?

2024ರ ಮಾರ್ಚ್‌ನಲ್ಲಿ ಈ ಬಂಡಿಗಳ ವಿಷಯ ಸರ್ಕಾರದ ಮೇಜಿಗೆ ಬಂತು. ರಾಜ್ಯದ ಬೇರೆ ಬೇರೆ ಕಡೆಗಳಿಂದ ತಂದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತ್ತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದಾಗಿ ಪ್ರಕಟಿಸಿದರು. ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಎಂಬುದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ತಪ್ಪಿದರೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ಎಂಬ ಎಚ್ಚರಿಕೆಯೂ ಬಂತು. ಜೂನ್‌ನಲ್ಲಿ ಕಬಾಬಿನ ಸರದಿ. ಕೆಲವು ವಾರ ಬಂಡಿಗಳ ಮೇಲೆ 'ಇಲ್ಲಿ ಬಣ್ಣ ಬಳಸುವುದಿಲ್ಲ' ಎಂಬ ಹಲಗೆಗಳು ತೂಗಿದವು.

ಬಣ್ಣ ಹೋಗಲಿ ಎನ್ನೋಣ. ಬಿಳಿಚಿಕೊಂಡ ಗೋಬಿಯಲ್ಲೂ ಮೈದಾ ಇದೆ, ಕಾರ್ನ್‌ಫ್ಲೋರ್ ಇದೆ, ಹೂಕೋಸಿನ ಸಂದುಗಳಲ್ಲಿ ಹೀರಿಕೊಂಡ ಎಣ್ಣೆಯಿದೆ. ಸಂಜೆ ಐದಕ್ಕೆ ಒಲೆ ಹೊತ್ತಿಸಿದಾಗ ಬಾಣಲೆಯ ಎಣ್ಣೆ ಹೊನ್ನಿನ ಬಣ್ಣಕ್ಕಿರುತ್ತದೆ. ಎಂಟು ಗಂಟೆಯ ಹೊತ್ತಿಗೆ ಅದು ಗಾಢ ಕಂದು. ಹಿಟ್ಟಿನ ಕರಕು ಚೂರುಗಳು ತಳ ಸೇರಿರುತ್ತವೆ, ಮೇಲೆ ನೊರೆ ಒಡೆಯದೆ ನಿಂತಿರುತ್ತದೆ, ಹೊಗೆ ಬೇಗ ಏಳುತ್ತದೆ. ಪದೇ ಪದೇ ಕಾಯಿಸಿದ ಎಣ್ಣೆ ಒಡೆದು ಹುಟ್ಟುವ ಪೋಲಾರ್ ಸಂಯುಕ್ತಗಳು ನೂರಕ್ಕೆ 25 ಮೀರಿದರೆ ಆ ಎಣ್ಣೆಯನ್ನು ಬಳಸಕೂಡದು ಎಂಬ ನಿಯಮ 2018ರಿಂದ ಜಾರಿಯಲ್ಲಿದೆ. ಅದನ್ನು ಅಳೆಯುವ ಉಪಕರಣ ಬಂಡಿಯವನ ಬಳಿ ಇರುವುದಿಲ್ಲ. ಮುಂದೆ ನಿಂತ ಗಿರಾಕಿಗೆ ಕಣ್ಣಿದೆ, ಮೂಗಿದೆ. ಹೊಸ ಎಣ್ಣೆಯ ಮೊದಲ ಘಾಣಕ್ಕೂ ರಾತ್ರಿಯ ಕೊನೆಯ ಘಾಣಕ್ಕೂ ಇರುವ ವ್ಯತ್ಯಾಸ ಗುರುತಿಸಲು ಅಷ್ಟು ಸಾಕು.

ಬಂಡಿಯನ್ನು ಬೈಯುವ ಮನೆಯವರು ಮನೆಯೊಳಗಿನ ಚಹಾವನ್ನು ಮರೆಯುತ್ತಾರೆ. ಬೀದರ್ ಭಾಗದಲ್ಲಿ ಚಹಾ ಎಂದರೆ ಮರ್ಯಾದೆ. ಬಂದವರಿಗೆ ಚಹಾ ಕೊಡಲಿಲ್ಲವೆಂದರೆ ಊರೆಲ್ಲ ಮಾತು. ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆ, ಅಂದರೆ ಹತ್ತು ಗ್ರಾಂ. ದಿನಕ್ಕೆ ಐದು ಕಪ್ ಆದರೆ ಐವತ್ತು ಗ್ರಾಂ. ಎರಡು ಸಾವಿರ ಕ್ಯಾಲರಿ ಉಣ್ಣುವವರು ಇದಕ್ಕಿಂತ ಹೆಚ್ಚು ಸಕ್ಕರೆ ತಿನ್ನಬಾರದು, ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಇಡೀ ದಿನದ ಪಾಲು ಚಹಾದಲ್ಲೇ ಮುಗಿಯಿತು. ಜತೆಗೆ ಅದ್ದಿ ತಿಂದ ಖಾರಿ, ಬಿಸ್ಕೀಟು ಲೆಕ್ಕಕ್ಕೆ ಬಂದೇ ಇಲ್ಲ.

"ನಾವು ಸಕ್ಕರಿ ಬಿಟ್ಟೀವಿ, ಬೆಲ್ಲದ ಚಹಾ ಕುಡೀತೀವಿ" ಎನ್ನುವವರು ಈಚೆಗೆ ಹೆಚ್ಚಿದ್ದಾರೆ. ಕಾರಂಜಾ ಜಲಾಶಯದ ನೀರು ಹರಿದಲ್ಲೆಲ್ಲ ಕಬ್ಬು ನಿಂತಿರುವ ಈ ಜಿಲ್ಲೆಯಲ್ಲಿ ಬೆಲ್ಲದ ಮೇಲೆ ಅಭಿಮಾನ ಸಹಜ. ಆದರೆ ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲರಿ, ಬೆಲ್ಲದಲ್ಲಿ ಸುಮಾರು 350. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣದಂಶ ಉಂಟು ನಿಜ, ಚಹಾಕ್ಕೆ ಹಾಕುವ ಚೂರಿನಲ್ಲಿ ಅದು ಎಷ್ಟು ಬಂದೀತು? ಸಕ್ಕರೆ ಕಾಯಿಲೆಯವರ ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ. ಬೆಳಗ್ಗೆ ಬರಿಹೊಟ್ಟೆಗೆ ಕುಡಿಯುವ ಲಿಂಬು, ಜೇನು, ಬಿಸಿನೀರಿನ ಕತೆಯೂ ಇಷ್ಟೇ. ಬಿಸಿನೀರು ಮೈಯೊಳಗಿನ ಕೊಬ್ಬನ್ನು ತುಪ್ಪದಂತೆ ಕರಗಿಸುವುದಿಲ್ಲ. ದೊಡ್ಡ ಚಮಚ ಜೇನಿನಲ್ಲಿ ಅರವತ್ತು ಕ್ಯಾಲರಿ ಇರುತ್ತದೆ. ಅದನ್ನು ಕುಡಿದು ಚಹಾ-ಬಿಸ್ಕೀಟು ಬಿಟ್ಟವರ ತೂಕ ಇಳಿದರೆ ಅದರ ಯಶಸ್ಸು ಬಿಟ್ಟದ್ದಕ್ಕೆ ಸೇರಬೇಕು.

ಇನ್ನು ಅನ್ನ ಬಿಟ್ಟು ರೊಟ್ಟಿ ಹಿಡಿದವರ ವಿಷಯ. ಇಲ್ಲೇ ಮಾತು ಸೂಕ್ಷ್ಮವಾಗುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕ ತೆರೆದರೆ ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 356 ಕ್ಯಾಲರಿ, ಜೋಳದಲ್ಲಿ ಸುಮಾರು 334. ಗೋಧಿಯೂ ಇದರ ಆಸುಪಾಸಿನಲ್ಲೇ ಇದೆ. ಶಾಖದ ಲೆಕ್ಕದಲ್ಲಿ ಇವೆಲ್ಲ ಅಣ್ಣತಮ್ಮಂದಿರು. ದೊಡ್ಡ ವ್ಯತ್ಯಾಸ ನಾರಿನಲ್ಲಿದೆ: ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ, ಜೋಳದಲ್ಲಿ ಹತ್ತು. ನಾರು ಹೊಟ್ಟೆ ತುಂಬಿಸುತ್ತದೆ, ಸಕ್ಕರೆ ರಕ್ತಕ್ಕೆ ಇಳಿಯುವುದನ್ನು ನಿಧಾನಿಸುತ್ತದೆ. ಕಟಕ್ ರೊಟ್ಟಿಯಾದರೆ ದವಡೆಗೂ ಕೆಲಸ. ಅಗಿಯುತ್ತ ಅಗಿಯುತ್ತ ಸಾಕು ಅನ್ನಿಸುತ್ತದೆ. ಇವು ನಿಜವಾದ ಲಾಭಗಳೇ. ಆದರೆ ರೊಟ್ಟಿ ಎಂದ ಮಾತ್ರಕ್ಕೆ ಎಷ್ಟಾದರೂ ತಿನ್ನಬಹುದು ಎಂದುಕೊಂಡರೆ ಲಾಭ ಅಲ್ಲೇ ಮುಗಿಯಿತು. ಅದೇ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ಎರಡು ಸಾವಿರ ಕ್ಯಾಲರಿ ಊಟದಲ್ಲಿ ಎಲ್ಲ ಧಾನ್ಯ ಸೇರಿ ದಿನಕ್ಕೆ 250 ಗ್ರಾಂ ಸಾಕು. ರೊಟ್ಟಿಗೆ ಐವತ್ತು ಗ್ರಾಂ ಹಿಟ್ಟೆಂದು ಹಿಡಿದರೆ ಇಡೀ ದಿನಕ್ಕೆ ಐದು ರೊಟ್ಟಿ, ಅನ್ನ ಅವಲಕ್ಕಿ ಯಾವುದೂ ಇಲ್ಲದೆ. ತರಕಾರಿ, ಸೊಪ್ಪು ಮಾತ್ರ 400 ಗ್ರಾಂ ಬೇಕಂತೆ! ಹಣ್ಣು ನೂರು, ಬೇಳೆಕಾಳು 85, ಎಣ್ಣೆ 27. ನಮ್ಮ ತಟ್ಟೆಗಳು ಈ ಲೆಕ್ಕವನ್ನು ತಲೆಕೆಳಗು ಮಾಡಿವೆ.

ಹಿಂದಿನವರು ಬರೀ ರೊಟ್ಟಿ ತಿಂದು ಗಟ್ಟಿಯಾಗಿದ್ದರು ಎಂಬ ನಂಬಿಕೆಗೆ ಈ ಸೀಮೆಯ ಚರಿತ್ರೆಯೇ ಕೊಟ್ಟ ಉತ್ತರವೊಂದಿದೆ. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದ ಜಿಲ್ಲೆಯಾಗಿತ್ತು. ಪೋಷಣಾ ಸಂಸ್ಥೆ ಕೂನೂರಿನಿಂದ ಹೈದರಾಬಾದಿಗೆ ಬಂದದ್ದು 1958ರಲ್ಲಿ. ಬಂದ ಹೊಸತರಲ್ಲೇ ಅಲ್ಲಿನ ವೈದ್ಯರ ಕಣ್ಣಿಗೆ ಒಂದು ರೋಗ ಬಿತ್ತು. ಬಿಸಿಲು ತಾಗುವ ಕಡೆ, ಕೈ, ಕಾಲು, ಕೊರಳ ಸುತ್ತ ಚರ್ಮ ಕಪ್ಪಾಗಿ ಒರಟಾಗಿ ಸುಲಿಯುವುದು, ಭೇದಿ, ಮುಂದುವರಿದರೆ ಬುದ್ಧಿ ಕದಡುವುದು. ಅದು ಪೆಲ್ಲಾಗ್ರಾ, ನಯಾಸಿನ್ ಎಂಬ ಜೀವಸತ್ವದ ಕೊರತೆಯ ರೋಗ. ಮೆಕ್ಕೆಜೋಳವನ್ನೇ ನೆಚ್ಚಿದ ದೇಶಗಳ ರೋಗ ಎಂದು ಪುಸ್ತಕಗಳು ಹೇಳುತ್ತಿದ್ದವು. ಇಲ್ಲಿ ಅದು ದಖನ್ನಿನ ಬಡ ಜೋಳದೂಟದವರಲ್ಲಿ ಕಾಣಿಸಿಕೊಂಡಿತ್ತು. 1960ರಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು: ಜೋಳದಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಹೆಚ್ಚಳ ಇದಕ್ಕೆ ಕಾರಣವಿರಬಹುದು. ಈ ವಾದದ ಮೇಲೆ ಆಮೇಲೆ ಚರ್ಚೆ, ತಕರಾರು ನಡೆದವು. ರೋಗಿಗಳ ತಟ್ಟೆಯ ವಿಷಯದಲ್ಲಿ ಮಾತ್ರ ತಕರಾರಿಲ್ಲ. ಅದರಲ್ಲಿ ರೊಟ್ಟಿ ಇತ್ತು, ಉಪ್ಪು ಖಾರ ಇತ್ತು. ಬೇಳೆ, ಹಾಲು, ಮಾಂಸ ಇರಲಿಲ್ಲ. ಜೋಳ ಕೆಟ್ಟದ್ದು ಎಂದು ಇದರಿಂದ ಹೊರಡುವುದಿಲ್ಲ. ಒಂಟಿ ಜೋಳ ಸಾಲದು ಎಂದು ಹೊರಡುತ್ತದೆ. ಉಳ್ಳವರ ಮನೆಯಲ್ಲಿ ಅದೇ ರೊಟ್ಟಿಯ ಮಗ್ಗುಲಿಗೆ ಖಾರಬ್ಯಾಳಿ, ಪುಂಡಿಪಲ್ಲೆ, ಅಗಸಿ ಹಿಂಡಿ, ಮೊಸರು ಇದ್ದವು. ಗಟ್ಟಿಯಾಗಿದ್ದವರು ಅವರು.

ಈ ಪಕ್ಕದ ಪದಾರ್ಥಗಳೆಲ್ಲ ಒಮ್ಮೆಗೇ ಮೆರೆಯುವ ದಿನವೊಂದಿದೆ, ಎಳ್ಳ ಅಮಾವಾಸ್ಯೆ. ಬಗದಲ್ ಸೀಮೆಯಲ್ಲಿ ಅಂದು ಊರಲ್ಲಿ ಯಾರೂ ಸಿಗರು, ಎಲ್ಲರೂ ಹೊಲದಲ್ಲಿ. ಹಿಂದಿನ ರಾತ್ರಿಯೇ ದೊಡ್ಡ ಪಾತ್ರೆಯಲ್ಲಿ ಭಜ್ಜಿಗೆ ತಯಾರಿ. ಹೆಸರು ಕೇಳಿ ಹೊರಗಿನವರು ಎಣ್ಣೆಯಲ್ಲಿ ಕರಿದದ್ದು ಎಂದುಕೊಳ್ಳುತ್ತಾರೆ, ಅದಲ್ಲ. ಹಸಿ ತೊಗರಿಕಾಳು, ಅವರೆ, ಬಟಾಣಿ, ಹಸಿ ಕಡಲೆ ಸುಲಿದು ರಾಶಿ ಹಾಕಬೇಕು. ಮೆಂತೆ, ಪಾಲಕ, ಉಳ್ಳಾಗಡ್ಡಿ ತಪ್ಪಲು ಹೆಚ್ಚಬೇಕು. ಬದನೆ, ಗಜ್ಜರಿ, ಶೇಂಗಾ, ಕೆಲವರ ಮನೆಯಲ್ಲಿ ಬಾರಿಹಣ್ಣು. ಎಲ್ಲ ಬೆಂದ ಮೇಲೆ ಹುಣಸಿಹುಳಿ, ಅರೆದ ಹಸಿಮೆಣಸು, ಬೆಳ್ಳುಳ್ಳಿ. ಕಡಲೆಹಿಟ್ಟನ್ನು ಮಜ್ಜಿಗೆಯಲ್ಲಿ ಕದಡಿ ಸುರಿದು ಗಂಟಾಗದಂತೆ ತಿರುವುತ್ತಿದ್ದರೆ ಅದು ನಿಧಾನ ಮಂದವಾಗಿ, ಹಸಿರು ಹಳದಿ ಬೆರೆತ ಬಣ್ಣಕ್ಕೆ ಬಂದು 'ತೊಪ್ ತೊಪ್' ಎಂದು ಕುದಿಯುತ್ತದೆ. ಜತೆಗೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಹುಳಿ ಬಂದ ಅಂಬಲಿ, ಶೇಂಗಾ ಹೋಳಿಗೆ. ಗಡಿಯಾಚೆ ಲಾತೂರು ಕಡೆಯ ಮರಾಠಿಗರು ವೇಳಾ ಅಮಾವಾಸ್ಯೆ ಎಂದು ಇದೇ ದಿನ ಇದೇ ಭಜ್ಜಿ, ಇದೇ ಅಂಬಲಿ ಮಾಡಿ ಹೊಲಕ್ಕೆ ಹೋಗುತ್ತಾರೆ. ಭಾಷೆಗೆ ಗಡಿ ಇದ್ದೀತು, ಭಜ್ಜಿಗಿಲ್ಲ. ಮಾರ್ಗಸೂಚಿ ಕೇಳುವ 400 ಗ್ರಾಂ ತರಕಾರಿ ಒಂದೇ ಹೊತ್ತಿಗೆ ಹೊಟ್ಟೆಗೆ ಹೋಗುವ ದಿನ ಇದು. ವರ್ಷಕ್ಕೊಮ್ಮೆ ಎಂಬುದೇ ತೊಂದರೆ.

ವರ್ಷದ ಉಳಿದ ದಿನಗಳಲ್ಲಿ ಏನಾಗಿದೆ? ಮಳೆಗಾಲದ ಹೊಲದಲ್ಲಿ ಹೆಸರು, ಉದ್ದು, ಜೋಳ ಇದ್ದ ಜಾಗಕ್ಕೆ ಸೋಯಾ ಬಂದಿದೆ. ಅದು ಮನೆಯ ಅಡುಗೆಗೆ ಬರುವುದಿಲ್ಲ, ವ್ಯಾಪಾರಿಯ ಲಾರಿ ಹತ್ತಿ ಹೋಗುತ್ತದೆ. ತಿರುಗಿ ಬರುವುದು ಎಣ್ಣೆಯ ಪಾಕೀಟಾಗಿ. ಮನೆಯ ಕುಸುಬಿ ಎಣ್ಣೆಯನ್ನು ಗಾಣದಲ್ಲಿ ತೆಗೆಸುತ್ತಿದ್ದ ಕಾಲದಲ್ಲಿ ಅದು ತುಟ್ಟಿ, ಹಾಗಾಗಿ ಚಮಚದ ಲೆಕ್ಕ. ಪಾಕೀಟಿನ ಎಣ್ಣೆಗೆ ಕೈ ಧಾರಾಳ. ಯಾವ ಎಣ್ಣೆಯಾದರೂ ಗ್ರಾಮಿಗೆ ಒಂಬತ್ತು ಕ್ಯಾಲರಿಯೇ, ಗಾಣದ್ದಾದರೂ ಅಷ್ಟೇ. ಅತ್ತ 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಹಸಿವನ್ನು ಹಿಂದಕ್ಕೆ ತಳ್ಳಿತು. ಇದು ಸಣ್ಣ ಮಾತಲ್ಲ, ಹಸಿದು ಮಲಗಿದವರಿಗೆ ಅದರ ಬೆಲೆ ಗೊತ್ತು. ಅದರೊಂದಿಗೆ ಅನ್ನ ಹಬ್ಬದೂಟದಿಂದ ದಿನದೂಟಕ್ಕೆ ಇಳಿಯಿತು. ಟ್ರ್ಯಾಕ್ಟರು, ರಾಶಿಯಂತ್ರ, ಮೋಟರ್ ಸೈಕಲ್ ಬಂದು ಮೈಯ ದುಡಿಮೆ ಇಳಿಯಿತು. ಉಣ್ಣುವ ಕೈ ಮಾತ್ರ ಹಳೆಯ ಅಳತೆಯನ್ನೇ ಹಿಡಿದಿದೆ.

ಪಾಕೀಟಿನ ತಿನಿಸು ಯಾಕೆ ಅಷ್ಟು ಒಳಸೇರುತ್ತದೆ ಎಂಬುದಕ್ಕೆ ಅಮೆರಿಕದ ಸಂಶೋಧಕ ಕೆವಿನ್ ಹಾಲ್ 2019ರಲ್ಲಿ ಮಾಡಿದ ಪ್ರಯೋಗ ಬೆಳಕು ಚೆಲ್ಲುತ್ತದೆ. ಇಪ್ಪತ್ತು ಜನರನ್ನು ಆಸ್ಪತ್ರೆಯಲ್ಲೇ ಇರಿಸಿ, ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಎದುರಿಗಿಟ್ಟ ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸರಿಸಮ. ಬೇಕಾದಷ್ಟು ತಿನ್ನಿ ಎಂದು ಬಿಟ್ಟರು. ಸಿದ್ಧ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು, ಎರಡೇ ವಾರದಲ್ಲಿ ಒಂದು ಕಿಲೋದ ಹತ್ತಿರ ಏರಿದರು. ಔರಾದಿನ ಕಿರಾಣಿ ಅಂಗಡಿಯ ಮುಂದೆ ಮಾಲೆಯಂತೆ ತೂಗಿದ ಐದು ರೂಪಾಯಿಯ ಕುರಕಲು ಪಾಕೀಟುಗಳು ಮಕ್ಕಳ ಊಟದ ಹಸಿವನ್ನು ತಿನ್ನುವುದು ಹೀಗೆಯೇ. 2023ರ ಸಿರಿಧಾನ್ಯ ವರ್ಷದ ಬಳಿಕ ಅದೇ ಮಾಲೆಗೆ 'ಜೋಳದ ಚಿಪ್ಸ್' ಕೂಡ ಸೇರಿದೆ. ಕರಿದ ಜೋಳ ಕರಿದದ್ದೇ.

ದಪ್ಪ ಕಾಣದವರಿಗೆ ಭಯವಿಲ್ಲ ಎಂಬುದು ಇನ್ನೊಂದು ನಂಬಿಕೆ. ಪುಣೆಯ ವೈದ್ಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಅವರ ಗೆಳೆಯ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಲ್ಯಾನ್ಸೆಟ್‌ನಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯ ಕೊಬ್ಬು ಅಳೆದಾಗ ಯುಡ್ಕಿನ್‌ರದ್ದು ನೂರಕ್ಕೆ 9.1, ಯಾಜ್ಞಿಕ್‌ರದ್ದು 21.2. ತೆಳ್ಳಗೆ ಕಾಣುವ ನಮ್ಮವರ ಹೊಟ್ಟೆಯೊಳಗೆ ಕೊಬ್ಬು ಅಡಗಿರುತ್ತದೆ. ಅದಕ್ಕೇ ನಮ್ಮ ವೈದ್ಯರು ಸೂಚ್ಯಂಕ 23 ದಾಟಿದರೆ ಹೆಚ್ಚು ತೂಕ ಎನ್ನುತ್ತಾರೆ, ತಕ್ಕಡಿಗಿಂತ ಟೇಪು ನಂಬಿ ಎನ್ನುತ್ತಾರೆ: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ದಾಟಿದವರು ಬೀದರಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಬ್ರಿಮ್ಸ್‌ಗಾಗಲಿ ತಾಲೂಕು ಆಸ್ಪತ್ರೆಗಾಗಲಿ ಹೋಗಿ ಸಕ್ಕರೆ, ರಕ್ತದೊತ್ತಡ ನೋಡಿಸುವುದು ಮೇಲು. 2025ರಿಂದ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳೂ ಮಾರುಕಟ್ಟೆಯಲ್ಲಿವೆ. ಅವು ವೈದ್ಯರ ಚೀಟಿಯ ಮದ್ದು, ಬಿಟ್ಟರೆ ತೂಕ ಬಹುಮಟ್ಟಿಗೆ ಮರಳುತ್ತದೆ.

ಕೊನೆಗೆ ರೊಟ್ಟಿ ಬಡಿಯುವ ಕೈಯ ಮಾತೂ ಆಗಬೇಕು. ಜೋಳದಲ್ಲಿ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಹುಯ್ದು, ಬಿಸಿ ಇರುವಾಗಲೇ ನಾದಿ, ಒಂದೊಂದನ್ನೇ ತಟ್ಟಿ, ಹೆಂಚಿನ ಮೇಲೆ ನೀರು ಸವರಿ ಬೇಯಿಸಬೇಕು. ಆರು ಜನರ ಮನೆಗೆ ಬೆಳಗಿನ ಒಂದು ತಾಸು ಹೋಯಿತು. ಹಳೆಯ ಊಟಕ್ಕೆ ಮರಳಿ ಎಂದು ಭಾಷಣ ಮಾಡುವವರು ಈ ತಾಸು ಯಾರದೆಂದು ಹೇಳುವುದಿಲ್ಲ. ಸೊಸೆ ಶಾಲೆಗೆ ಪಾಠ ಹೇಳಲು ಹೊರಟವಳು, ಅತ್ತೆಗೆ ಮಂಡಿನೋವು. ಅಲ್ಲಿ ಕುಕ್ಕರಿನ ಅನ್ನ ಗೆಲ್ಲುವುದು ನಾಲಿಗೆಯ ಚಪಲದಿಂದಲ್ಲ. ಈಗ ಮಹಿಳಾ ಸಂಘಗಳು ಕಟಕ್ ರೊಟ್ಟಿ ಕಟ್ಟಿ ಮಾರುತ್ತಿವೆ. ನೆರೆಯ ಕಲಬುರಗಿಯಲ್ಲಿ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲೇ ಮಾರಾಟವಿದೆ. ರೊಟ್ಟಿ ತಂದವರ ಮನೆಯಲ್ಲಿ ಪುಂಡಿ ಸೊಪ್ಪು ಸೋಸುವ ಕೆಲಸ ಹಾಗೇ ಉಳಿದಿದೆ. ಅದನ್ನು ಮಾಡಲು ಗಂಡಸರಿಗೆ ಯಾವ ಅಡ್ಡಿಯೂ ಇಲ್ಲ. ಹೊರಗೂ ಪಲ್ಲೆಯದೇ ಕೊರತೆ: ಖಾನಾವಳಿಗೆ ಹೋದರೆ ರೊಟ್ಟಿ, ಅನ್ನ ಬೇಕಾದಷ್ಟು ಬಡಿಸುತ್ತಾರೆ. ಎರಡು ಚಮಚ ಪಲ್ಲೆ ಮುಗಿದು ಇನ್ನೊಂದು ಬಟ್ಟಲು ಕೇಳಿದರೆ ಕೆಲವು ಕಡೆ ಬಿಲ್ಲಿಗೆ ಬೇರೆ ರೊಕ್ಕ ಸೇರುತ್ತದೆ.